ಗುಮ್ಮನನ್ನು ಸಾಕಿದವರು

2025ರ ಫೆಬ್ರುವರಿ 15ರಂದು ಮಾಂಟ್ರಿಯಲ್‌ನಲ್ಲಿ ಅಮೆರಿಕಕ್ಕೂ ಕೆನಡಾಕ್ಕೂ ಐಸ್ ಹಾಕಿ ಪಂದ್ಯ ಇತ್ತು. ಗಡಿಯಾರದ ಲೆಕ್ಕದಲ್ಲಿ ಆಟ ಶುರುವಾಗಿ ಒಂಬತ್ತು ಸೆಕೆಂಡ್. ಅಷ್ಟರಲ್ಲಿ ಮೂರು ಹೊಡೆದಾಟ! ಕೈಗವಸು ಬಿಸಾಕಿ, ಜೆರ್ಸಿ ಹಿಡಿದೆಳೆದು, ಮುಖಕ್ಕೇ ಗುದ್ದುವ ಹೊಡೆದಾಟ. ಆ ವಿಡಿಯೋ ನಿಮಗೂ ಬಂದಿರುತ್ತೆ. ನನಗೆ ಮೂರು ಗ್ರೂಪಿನಲ್ಲಿ ಬಂತು, ಮೂರರಲ್ಲೂ ಒಂದೇ ಒಕ್ಕಣೆ: "ಇದಪ್ಪಾ ಗಂಡಸರ ಆಟ ಅಂದ್ರೆ!" ಕೆಳಗೆ ನಗುವ ಮುಖಗಳು, ಬೆಂಕಿ ಚಿತ್ರಗಳು. ನಮ್ಮ ಕ್ರಿಕೆಟಿಗರು ಹೆಲ್ಮೆಟ್ಟು, ಪ್ಯಾಡು, ಗಾರ್ಡು ಎಲ್ಲ ಹಾಕಿಕೊಂಡು ಆಡೋ ಹೇಡಿಗಳು ಅಂತ ಒಬ್ಬರ ಟಿಪ್ಪಣಿ ಬೇರೆ.

ಹಾಕಿ ಅಂದ್ರೆ ಕೊಡಗು ನೆನಪಾಗುವ ನಮಗೆ ಮಂಜುಗಡ್ಡೆ ಮೇಲಿನ ಈ ಹಾಕಿಯ ಉಸಾಬರಿ ಯಾಕೆ ಅಂತ ಕೇಳಬಹುದು. ಅಲ್ರೀ, ಆ ಆಟದ ಉಸಾಬರಿ ಇಲ್ಲದೇ ಇದ್ರೆ ಅದರ ಹೊಡೆದಾಟದ ತುಣುಕನ್ನ ಫಾರ್ವರ್ಡ್ ಮಾಡೋದು ಯಾಕೆ? ಗೋಲು ಹೊಡೆದದ್ದನ್ನ ಯಾರೂ ಕಳಿಸಲ್ಲ. ಸೇವ್ ಮಾಡಿದ್ದನ್ನ ಕಳಿಸಲ್ಲ. ಗುದ್ದಾಟ ಮಾತ್ರ ಸಮುದ್ರ ದಾಟಿ ಬರುತ್ತೆ. ಹಾಗಾಗಿ ಆ ಗುದ್ದಾಟದ ಹಿಂದೆ ಏನಿದೆ ಅಂತ ತಿಳಿದುಕೊಳ್ಳೋದೂ ನಮ್ಮ ಮೇಲೇ ಬಿತ್ತು ಅಂತ ಇಟ್ಕೊಳ್ಳಿ. ಅದಕ್ಕೆ ಡೆರೆಕ್ ಬೂಗಾರ್ಡ್ ಅನ್ನೋ ಒಬ್ಬ ಮನುಷ್ಯನ ಕತೆ ಹೇಳಬೇಕು. ಆಟಗಾರ ಅಂತ ಕರೀಬೇಕೋ ನೌಕರ ಅಂತ ಕರೀಬೇಕೋ ನೀವೇ ನೋಡಿ. ನಾನಂತೂ ನೌಕರ ಅಂತಲೇ ಅಂದುಕೊಂಡಿದ್ದೀನಿ.

ಹುಟ್ಟಿದ್ದು 1982ರ ಜೂನ್ 23, ಕೆನಡಾದ ಸಸ್ಕಾಟೂನ್‌ನಲ್ಲಿ. ಅಪ್ಪ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್‌ನಲ್ಲಿ. ಪೊಲೀಸ್ ಕೆಲಸ ಅಂದ ಮೇಲೆ ವರ್ಗಾವಣೆ ಗೊತ್ತಲ್ಲ, ಸಸ್ಕಾಚವಾನ್ ಪ್ರಾಂತ್ಯದ ಬಯಲು ಸೀಮೆಯ ಒಂದು ಸಣ್ಣ ಊರಿಂದ ಇನ್ನೊಂದಕ್ಕೆ. ಪ್ರತಿ ಊರಲ್ಲೂ ಹೊಸ ಶಾಲೆ, ಹೊಸ ಮಕ್ಕಳು. ಹುಡುಗ ವಯಸ್ಸಿಗೆ ಮೀರಿ ಬೆಳೆದವನು, ತರಗತಿಯಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ. ಓದು ಅಷ್ಟಕ್ಕಷ್ಟೆ. ಸ್ಕೇಟಿಂಗ್ ಕೂಡ ಅಷ್ಟಕ್ಕಷ್ಟೇನೇ. ಆದ್ರೆ ಆ ಸೀಮೆಯಲ್ಲಿ ಹುಡುಗ ಅಂದ ಮೇಲೆ ಹಾಕಿ ಆಡಬೇಕು. ಆಡಿದ.

ಹದಿಹರೆಯದಲ್ಲಿ ಮೆಲ್ಫರ್ಟ್ ಊರಿನ ತಂಡಕ್ಕೆ ಆಡ್ತಿದ್ದಾಗ ಒಂದು ಪಂದ್ಯದಲ್ಲಿ ಅವನಿಗೆ ತಲೆ ಕೆಟ್ಟಿತು. ಎದುರಾಳಿ ತಂಡದವರು ಕೂತಿದ್ದ ಬೆಂಚಿಗೇ ನುಗ್ಗಿ ಸಿಕ್ಕಸಿಕ್ಕವರ ಮೇಲೆ ಕೈ ಬೀಸಿದ. ಹುಡುಗರು ದಿಕ್ಕಾಪಾಲಾದರು. ಇವನನ್ನ ಹೊರಗೆ ಹಾಕಿದರು. ನಮ್ಮಲ್ಲಾದ್ರೆ ಪಿ.ಟಿ. ಮೇಷ್ಟ್ರು ಅಪ್ಪನನ್ನ ಕರೆದುಕೊಂಡು ಬಾ ಅಂತಿದ್ರು, ಒಂದು ವಾರ ಶಾಲೆಗೆ ಸೇರಿಸ್ತಿರಲಿಲ್ಲ, ಅಲ್ಲಿಗೆ ಮುಗೀತಿತ್ತು. ಅಲ್ಲಿ ಆದದ್ದೇ ಬೇರೆ. ರೆಜೈನಾ ಪ್ಯಾಟ್ಸ್ ಅನ್ನೋ ಜೂನಿಯರ್ ತಂಡಕ್ಕೆ ಪ್ರತಿಭೆ ಹುಡುಕಲು ಬಂದಿದ್ದವರು ಅವತ್ತು ಪ್ರೇಕ್ಷಕರ ನಡುವೆ ಕೂತಿದ್ದರು. ಕಂಡದ್ದು ಅವರಿಗೆ ಬಹಳ ಇಷ್ಟ ಆಯಿತು. ಹುಡುಗನ ಹೆಸರನ್ನ ತಮ್ಮ ಪಟ್ಟಿಗೆ ಸೇರಿಸಿಕೊಂಡರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಹುಡುಗ ಅವತ್ತು ಮಾಡಿದ್ದು ತಪ್ಪು ಅಂತ ಅವನಿಗೂ ಗೊತ್ತಿತ್ತು, ರೆಫರಿಗೂ ಗೊತ್ತಿತ್ತು. ಅದು ತಪ್ಪಲ್ಲ, ಅದೇ ನಿನ್ನ ಅರ್ಹತೆ ಅಂತ ಹೇಳಿದ್ದು ದೊಡ್ಡವರು. ಕಾಫಿ ಕಪ್ಪು ಹಿಡ್ಕೊಂಡು ಕೂತಿದ್ದ ಸಂಬಳದ ದೊಡ್ಡವರು. "ಅವನೇ ಆರಿಸಿಕೊಂಡ ದಾರಿ, ಯಾರೂ ಬಲವಂತ ಮಾಡಿಲ್ಲ" ಅನ್ನೋ ವಾದ ಮುಂದೆ ಬರುತ್ತೆ. ಬಂದಾಗ ಈ ದೃಶ್ಯ ನೆನಪಿಟ್ಟುಕೊಳ್ಳಿ ಅಂತ ಹೇಳಿದೆ.

ಅಲ್ಲಿಂದ ಮುಂದೆ ಜೂನಿಯರ್ ಲೀಗು. ರೆಜೈನಾ, ಪ್ರಿನ್ಸ್ ಜಾರ್ಜ್, ಮೆಡಿಸಿನ್ ಹ್ಯಾಟ್. ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಉಳಿದುಕೊಂಡು, ಗಂಟೆಗಟ್ಟಲೆ ಬಸ್ಸಲ್ಲಿ ಓಡಾಡಿಕೊಂಡು, ಹದಿನೇಳು ಹದಿನೆಂಟರ ಹುಡುಗರು ಸಾವಿರಾರು ಜನರ ಮುಂದೆ ಒಬ್ಬರನ್ನೊಬ್ಬರು ಗುದ್ದೋದು. 2001ರ ಡ್ರಾಫ್ಟ್‌ನಲ್ಲಿ ಮಿನೆಸೋಟ ವೈಲ್ಡ್ ತಂಡ ಅವನನ್ನ ಏಳನೇ ಸುತ್ತಿನಲ್ಲಿ, 202ನೇ ಆಯ್ಕೆಯಾಗಿ ತೆಗೆದುಕೊಂಡಿತು. ಆಮೇಲೆ ಲೂಸಿಯಾನ, ಹ್ಯೂಸ್ಟನ್ ಅಂತ ಕೆಳಗಿನ ಲೀಗುಗಳಲ್ಲಿ ಮೂರು ವರ್ಷ. 2005ರಲ್ಲಿ ಎನ್‌ಎಚ್‌ಎಲ್. ಅಂದ್ರೆ ನ್ಯಾಷನಲ್ ಹಾಕಿ ಲೀಗ್, ಆ ಆಟದ ತುತ್ತತುದಿ. ಆರಡಿ ಏಳಂಗುಲಕ್ಕೂ ಮೇಲಿನ ಆಳು. ಹೆಸರಿಗೆ ಒಪ್ಪುವ ಹಾಗೆ ಅಡ್ಡಹೆಸರೂ ಬಂತು: ಬೂಗಿಮ್ಯಾನ್. ಕನ್ನಡದಲ್ಲಿ ಹೇಳೋದಾದ್ರೆ ಗುಮ್ಮ.

ಆರು ಸೀಸನ್ನು, 277 ಪಂದ್ಯ. ಹೊಡೆದ ಗೋಲು ಎಷ್ಟು ಗೊತ್ತೇ? 3. ಶಿಕ್ಷೆಯ ನಿಮಿಷಗಳು 589. ಅರವತ್ತು ನಿಮಿಷದ ಪಂದ್ಯದಲ್ಲಿ ಅವನು ಮಂಜಿನ ಮೇಲೆ ಇರ್ತಿದ್ದದ್ದು ಸರಾಸರಿ ಐದು ನಿಮಿಷದ ಆಸುಪಾಸು. ಉಳಿದ ಹೊತ್ತು ಬೆಂಚಿನ ಮೇಲೆ ಕೂತಿರೋದು, ಇಲ್ಲ ಪೆನಾಲ್ಟಿ ಬಾಕ್ಸಿನಲ್ಲಿ. ಇಂಥವನಿಗೆ 2010ರ ಜುಲೈನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರಿನ ಒಪ್ಪಂದ ಕೊಟ್ಟಿತು. ಪುಗಸಟ್ಟೆ ದುಡ್ಡು ಕೊಡೋಕೆ ಅವರೇನು ಧರ್ಮಛತ್ರ ನಡೆಸ್ತಿಲ್ಲ. ಕೆಲಸಕ್ಕೆ ತಕ್ಕ ಸಂಬಳ. ಆ ಕೆಲಸಕ್ಕೆ ಹೆಸರು ಎನ್‌ಫೋರ್ಸರ್.

ಈ ಕೆಲಸ ಹೇಗೆ ಹುಟ್ಟಿತು ಅಂತ ನೋಡಿದ್ರೆ ನಮ್ಮಂಥ ಕೋಡು ಬರೆಯುವವರಿಗೆ ತಕ್ಷಣ ಅರ್ಥ ಆಗುತ್ತೆ. ನಿಯಮ ಪುಸ್ತಕ ತೆಗೆದು ನೋಡಿ. ಹೊಡೆದಾಡಿದವನಿಗೆ ಐದು ನಿಮಿಷ ಹೊರಗೆ ಕೂರುವ ಶಿಕ್ಷೆ, 1922ರಿಂದ ಇರೋದು. ಆದ್ರೆ ಇಬ್ಬರಿಗೂ ಸಮಾನ ಐದೈದು ನಿಮಿಷ ಬಿದ್ದಾಗ ಎರಡೂ ತಂಡ ಬದಲಿ ಆಟಗಾರರನ್ನ ಇಳಿಸಬಹುದು. ಅಂದ್ರೆ ಎಂದಿನಂತೆ ಐದಕ್ಕೆ ಐದು ಜನ ಆಡ್ತಾರೆ. ತಂಡಕ್ಕೆ ಆದ ನಷ್ಟ ಸೊನ್ನೆ! ಕೋಲು ಅಡ್ಡ ಇಟ್ಟು ಒಬ್ಬನನ್ನ ಬೀಳಿಸಿದರೆ ಎರಡು ನಿಮಿಷ ನಾಲ್ಕು ಜನರಲ್ಲಿ ಒದ್ದಾಡಬೇಕು, ಆದ್ರೆ ಇಬ್ಬರು ಒಪ್ಪಿಕೊಂಡು ಮೂಗು ಒಡೆದುಕೊಂಡರೆ ಪುಕ್ಕಟೆ. ಹಾಗಾದ್ರೆ ಐದು ನಿಮಿಷ ಹೊರಗೆ ಕೂತರೂ ಆಟಕ್ಕೆ ಏನೂ ಕೊರತೆ ಆಗದಂಥ ಒಬ್ಬನನ್ನ ಇದಕ್ಕೇ ಅಂತ ಇಟ್ಟುಕೊಳ್ಳೋದು ಜಾಣತನ ಅಲ್ವಾ? ಅದೇ ಆಯಿತು. ಆ ತಂಡ ಒಬ್ಬನನ್ನ ಇಟ್ಟುಕೊಂಡಿತು ಅಂತ ಈ ತಂಡವೂ ಇಟ್ಟುಕೊಂಡಿತು. ಆಮೇಲೆ ಅವರಿಬ್ಬರೂ ಆಟಕ್ಕೆ ಸಂಬಂಧವೇ ಇಲ್ಲದೆ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಲೈನ್ಸ್‌ಮನ್‌ಗಳು ಒಬ್ಬ ಬೀಳೋ ತನಕ ಪಕ್ಕದಲ್ಲಿ ನಿಂತು ಕಾಯೋದು. ಇಡೀ ಸ್ಟೇಡಿಯಂ ಎದ್ದು ನಿಂತು ಕಿರುಚೋದು. ದೊಡ್ಡ ಪರದೆ ಮೇಲೆ ರೀಪ್ಲೇ. ಇದನ್ನ ಬಗ್ ಅಂತೀರೋ ಫೀಚರ್ ಅಂತೀರೋ? :-)

ಒಲಿಂಪಿಕ್ಸ್‌ನಲ್ಲೂ ಇದೇ ಆಟ ಆಡ್ತಾರೆ. ಅಮೆರಿಕದ ಕಾಲೇಜುಗಳಲ್ಲೂ ಆಡ್ತಾರೆ. ಅಲ್ಲಿ ಕೈ ಎತ್ತಿದರೆ ಪಂದ್ಯದಿಂದಲೇ ಹೊರಗೆ. ಕ್ವಿಬೆಕ್‌ನ ಜೂನಿಯರ್ ಲೀಗು ಕೂಡ 2023ರಲ್ಲಿ ಹೊಡೆದಾಟಕ್ಕೆ ಉಚ್ಚಾಟನೆಯ ನಿಯಮ ತಂದಿತು. ಎಲ್ಲೂ ಆಕಾಶ ಕಳಚಿ ಬೀಳಲಿಲ್ಲ. ಮಾಂಟ್ರಿಯಲ್‌ನ ಆ ಒಂಬತ್ತು ಸೆಕೆಂಡು ಒಲಿಂಪಿಕ್ಸ್ ನಿಯಮದಲ್ಲಿ ಆಗಿದ್ದಿದ್ರೆ ಆರೂ ಜನ ಸ್ನಾನ ಮಾಡಿ ಬಟ್ಟೆ ಬದಲಿಸಿಕೊಂಡು ಟಿವಿಯಲ್ಲಿ ಪಂದ್ಯ ನೋಡಬೇಕಿತ್ತು. ಆಗಲಿಲ್ಲ, ಯಾಕಂದ್ರೆ ಆ ಪಂದ್ಯಾವಳಿ ನಡೆಸಿದ್ದು ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ. ಹಾಗಾಗಿ "ಹೊಡೆದಾಟ ಆಟದ ಭಾಗ" ಅನ್ನೋ ಮಾತನ್ನ ದಯವಿಟ್ಟು ಬಿಟ್ಟುಬಿಡಿ. ಅದು ಒಂದು ಲೀಗಿನ ವ್ಯಾಪಾರದ ಭಾಗ.

ಎರಡನೇ ವಾದ: ಎನ್‌ಫೋರ್ಸರ್ ಇದ್ದರೆ ಸ್ಟಾರ್ ಆಟಗಾರರಿಗೆ ರಕ್ಷಣೆ. ಕೇಳೋಕೆ ಚೆನ್ನಾಗಿದೆ, ಊರಿಗೊಬ್ಬ ಕಾವಲು ದೈವ ಇದ್ದ ಹಾಗೆ. ರೇಂಜರ್ಸ್ ತಂಡದ ಸ್ಟಾರ್ ಮರಿಯನ್ ಗ್ಯಾಬೊರಿಕ್ ಅನ್ನೋ ಸ್ಲೋವಾಕಿಯಾದ ಆಟಗಾರ. 2010ರ ಜನವರಿಯಲ್ಲಿ ಫಿಲಡೆಲ್ಫಿಯಾದ ಡ್ಯಾನಿಯಲ್ ಕಾರ್ಸಿಲೋ ಅವನಿಗೆ ಚೆನ್ನಾಗಿ ಬಾರಿಸಿದ್ದ. ಯಾರೂ ಬಿಡಿಸೋಕೆ ಬರಲಿಲ್ಲ ಅಂತ ನ್ಯೂಯಾರ್ಕಿಗೆ ಅವಮಾನ ಆಯಿತು. ಅದೇ ಬೇಸಿಗೆಯಲ್ಲಿ ಬೂಗಾರ್ಡ್‌ಗೆ ಕರೆ ಬಂತು. ಸರಿ, ಗುಮ್ಮ ಬಂದ. ಸೀಸನ್ ಶುರುವಾದ ಮೊದಲ ತಿಂಗಳಲ್ಲೇ ಎದುರಾಳಿಯ ಡಿಕ್ಕಿಗೆ ಗ್ಯಾಬೊರಿಕ್ ಭುಜಕ್ಕೆ ಪೆಟ್ಟು, ಹಲವು ಪಂದ್ಯ ಹೊರಗೆ! ಗುಮ್ಮನಿಗೆ ಹೆದರಿ ಡಿಕ್ಕಿ ಹೊಡೆಯೋದನ್ನ ಯಾರೂ ನಿಲ್ಲಿಸಲಿಲ್ಲ. ಇನ್ನೊಂದು ವಿಷಯ ಅಂದ್ರೆ, ಅವತ್ತು ಗ್ಯಾಬೊರಿಕ್‌ಗೆ ಹೊಡೆದ ಆ ಕಾರ್ಸಿಲೋ ನಿವೃತ್ತಿಯ ನಂತರ ತಲೆ ಪೆಟ್ಟಿನ ವಿಷಯದಲ್ಲಿ ಲೀಗಿನ ವಿರುದ್ಧ ಅತಿ ಜೋರಾಗಿ ಮಾತಾಡಿದವರಲ್ಲಿ ಒಬ್ಬ. ಅವನ ಗೆಳೆಯ ಸ್ಟೀವ್ ಮಾಂಟಡಾರ್ 2015ರಲ್ಲಿ 35ನೇ ವಯಸ್ಸಿಗೆ ತೀರಿಕೊಂಡ. ಆ ಮೇಲೆ ಕಾರ್ಸಿಲೋ ಸುಮ್ಮನಿರಲಿಲ್ಲ. 2018ರಲ್ಲಿ ಲೀಗಿನ ಮೇಲೆ ದಾವೆಯನ್ನೂ ಹೂಡಿದ.

ಈಗ ಬೂಗಾರ್ಡ್‌ನ ಕೈಗಳ ಬಗ್ಗೆ ಹೇಳಬೇಕು. ಗುದ್ದೋದು ಅಂದ್ರೆ ಸಿನಿಮಾದಲ್ಲಿ ತೋರಿಸೋ ಢಿಶುಂ ಢಿಶುಂ ಅಲ್ಲ. ಬರಿಗೈ ಹೋಗಿ ಬಡಿಯೋದು ಹೆಲ್ಮೆಟ್ಟಿಗೆ, ಹಲ್ಲಿಗೆ, ತಲೆಬುರುಡೆಗೆ. ಗೆಣ್ಣು ಒಡೆಯುತ್ತೆ, ಚರ್ಮ ಕಿತ್ತು ಬರುತ್ತೆ. ವಾಸಿ ಆಗೋ ಮುಂಚೆ ಮತ್ತೆ ಅದೇ ಗೆಣ್ಣಿನಲ್ಲಿ ಇನ್ನೊಂದು ಬುರುಡೆಗೆ. ಮೂಗು ಎಷ್ಟು ಸಲ ಮುರಿಯಿತೋ. ಬೆನ್ನು, ಭುಜ, ಸೊಂಟ. 2006ರ ಅಕ್ಟೋಬರ್ 27ರಂದು ಅನಾಹೈಮ್ ತಂಡದ ಟಾಡ್ ಫೆಡೊರುಕ್‌ಗೆ ಇವನು ಹೊಡೆದ ಒಂದು ಏಟಿಗೆ ಅವನ ಕೆನ್ನೆಯ ಮೂಳೆ ಪುಡಿಯಾಯಿತು. ಲೋಹದ ಪಟ್ಟಿ ಇಟ್ಟು ಮುಖ ಸರಿ ಮಾಡಬೇಕಾಯಿತು. ಆ ಒಂದು ಏಟಿನಿಂದ ಬೂಗಾರ್ಡ್ ಲೀಗಿನಲ್ಲೆಲ್ಲ ದಂತಕತೆ ಆದ. ಮುಂದಿನ ಸೀಸನ್‌ನಲ್ಲಿ ಅದೇ ಫೆಡೊರುಕ್ ಮಿನೆಸೋಟಕ್ಕೆ ಬಂದು ಅವನ ಜೊತೆ ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂತ. ದ್ವೇಷ ಇಲ್ಲ, ಏನಿಲ್ಲ. ಇಬ್ಬರೂ ಒಂದೇ ಕಸುಬಿನವರು. ದ್ವೇಷ ಇಲ್ಲದೆ ಮೂಳೆ ಪುಡಿ ಮಾಡೋದಿದೆಯಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ತಳಮಳ ಕೊಟ್ಟಿದ್ದು ಅದು.

ಅವನನ್ನ ಹತ್ತಿರದಿಂದ ಬಲ್ಲವರೆಲ್ಲ ಹೇಳಿದ್ದು ಸೌಮ್ಯ ಮನುಷ್ಯ ಅಂತಲೇ. ಹಾಗಂತ ಹಾಲು ಕುಡಿಯೋ ಕೂಸು ಅಂತ ನಾನು ಹೇಳ್ತಿಲ್ಲ. 2007ರಲ್ಲಿ ತಮ್ಮನ ಜೊತೆ ಸೇರಿ ರೆಜೈನಾದಲ್ಲಿ ಮಕ್ಕಳಿಗೆ ಹಾಕಿ ಹೊಡೆದಾಟ ಕಲಿಸುವ ಶಿಬಿರ ನಡೆಸಿದವನು ಅವನೇ. ಪೆಟ್ಟಾಗದ ಹಾಗೆ ನೋಡಿಕೊಳ್ಳೋದನ್ನ ಕಲಿಸ್ತೀವಿ ಅನ್ನೋದು ಅವರ ಸಮಜಾಯಿಷಿ. ಆಗ ಪತ್ರಿಕೆಗಳು ಉಗಿದವು, ಉಗಿಯಬೇಕಾದ್ದೇ. ಆದ್ರೆ ನೋಡಿ, ಆ ಶಿಬಿರವನ್ನ ಉಗಿದ ಅದೇ ದೇಶ ಶನಿವಾರ ರಾತ್ರಿ ಟಿವಿ ಮುಂದೆ ಕೂತು ಅದೇ ವಿದ್ಯೆಗೆ ಚಪ್ಪಾಳೆ ತಟ್ತಿತ್ತು. ಮೇಷ್ಟ್ರು ಕೆಟ್ಟವನು, ಪಾಠ ಮಾತ್ರ ಒಳ್ಳೇದು!

ನೋವಿಗೆ ಮಾತ್ರೆ. ಮಾತ್ರೆ ಎಲ್ಲಿಂದ ಬಂತು? ಕುಟುಂಬದವರು ಆಮೇಲೆ ಹೂಡಿದ ದಾವೆಯ ಪ್ರಕಾರ 2008-09ರ ಒಂದೇ ಸೀಸನ್‌ನಲ್ಲಿ ತಂಡದ ವೈದ್ಯರು, ದಂತವೈದ್ಯರು, ಸಿಬ್ಬಂದಿಯಿಂದ ಅವನಿಗೆ ಸಿಕ್ಕ ನೋವಿನ ಮಾತ್ರೆಗಳು ಸಾವಿರಕ್ಕೂ ಹೆಚ್ಚು. ಇದು ಆಪಾದನೆ, ಕೋರ್ಟು ಇದರ ಸತ್ಯಾಸತ್ಯ ತೀರ್ಮಾನಿಸಲಿಲ್ಲ. ಕಾನೂನಿನ ತಾಂತ್ರಿಕ ಕಾರಣಗಳ ಮೇಲೆ 2017ರಲ್ಲಿ ದಾವೆ ವಜಾ ಆಯಿತು. ಆದ್ರೆ ವ್ಯಸನ ಇದ್ದದ್ದಂತೂ ಯಾರೂ ಅಲ್ಲಗಳೆಯಲ್ಲ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಆಗಿತ್ತು. ವಾಪಸು ಬಂದ, ಅದೇ ಕೆಲಸಕ್ಕೆ. ಒಬ್ಬನಿಗೆ ಹೆಂಡದ ಚಟ ಇದೆ ಅಂತ ಗೊತ್ತಾಗಿ ಚಿಕಿತ್ಸೆ ಕೊಡಿಸಿ, ಆಮೇಲೆ ಅವನನ್ನ ಸಾರಾಯಿ ಅಂಗಡಿ ಗಲ್ಲೆ ಮೇಲೆ ಕೂರಿಸಿದ ಹಾಗೆ.

2010ರ ಡಿಸೆಂಬರ್ 9, ಒಟ್ಟಾವಾದಲ್ಲಿ ಮ್ಯಾಟ್ ಕಾರ್ಕ್ನರ್ ಜೊತೆ ಹೊಡೆದಾಟ. ಅದೇ ಕೊನೆಯದು. ತಲೆಗೆ ಬಿದ್ದ ಪೆಟ್ಟಿನಿಂದ ಅವನು ಮತ್ತೆ ಯಾವತ್ತೂ ಆಡಲಿಲ್ಲ. ನಾಲ್ಕು ವರ್ಷದ ಒಪ್ಪಂದದಲ್ಲಿ ಆಡಿದ್ದು 22 ಪಂದ್ಯ. ಆಮೇಲೆ ಮ್ಯಾನ್‌ಹಟನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ, ಬೆಳಕು ಕಂಡರೆ ಆಗದೆ, ತಿಂಗಳುಗಟ್ಟಲೆ. ವಸಂತದಲ್ಲಿ ಮತ್ತೆ ವ್ಯಸನಮುಕ್ತಿ ಕೇಂದ್ರ. ಅಲ್ಲಿಂದ ಮಿನಿಯಾಪೊಲಿಸ್‌ಗೆ ಬಂದಿದ್ದಾಗ 2011ರ ಮೇ 13ರಂದು ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದ. ನೋಡಿದ್ದು ತಮ್ಮಂದಿರು. ಮದ್ಯ ಮತ್ತು ಆಕ್ಸಿಕೋಡೋನ್ ಎರಡೂ ಸೇರಿ ಆದ ಆಕಸ್ಮಿಕ ಸಾವು ಅಂತ ವೈದ್ಯಕೀಯ ವರದಿ. ವಯಸ್ಸು 28.

ಇದನ್ನ ಬರೆಯುವ ನನ್ನ ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ನನ್ನ ಕಸುಬಿನಲ್ಲಿ ಈ ವಯಸ್ಸಿಗೆ ಆಗೋ ಅತಿ ದೊಡ್ಡ ಗಾಯ ಅಂದ್ರೆ ಮಣಿಕಟ್ಟು ನೋವು. ಅದಿರಲಿ.

ಅದೇ ವರ್ಷ ಆಗಸ್ಟ್ ಮುಗಿಯೋದರೊಳಗೆ ಇದೇ ಕಸುಬಿನ ಇನ್ನಿಬ್ಬರು, ರಿಕ್ ರಿಪಿಯನ್ ಮತ್ತು ವೇಡ್ ಬೆಲಾಕ್, ತೀರಿಕೊಂಡರು. ಮೂರೂವರೆ ತಿಂಗಳಲ್ಲಿ ಮೂವರು. ಬೂಗಾರ್ಡ್‌ನ ಮಿದುಳನ್ನ ಕುಟುಂಬ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟಿತ್ತು. ಸಿಟಿಇ ಅನ್ನೋ ಮಿದುಳಿನ ರೋಗ ಇತ್ತು ಅಂತ ವರದಿ ಬಂತು. ತಲೆಗೆ ಮತ್ತೆಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣೋದು ಅದು. ಟಾವ್ ಅನ್ನೋ ಪ್ರೋಟೀನು ಮಿದುಳಿನಲ್ಲಿ ಗಂಟುಕಟ್ಟಿಕೊಳ್ಳುತ್ತೆ, ನೆನಪು ಹೋಗುತ್ತೆ, ಸಿಟ್ಟು, ಖಿನ್ನತೆ, ತನ್ನ ಮೇಲೆ ತನಗೆ ಹಿಡಿತ ಇರಲ್ಲ. ಸತ್ತ ಮೇಲೆ ಮಿದುಳು ಕೊಯ್ದು ನೋಡದೆ ಖಚಿತ ಮಾಡೋಕೆ ಆಗಲ್ಲ. ಹಿಂದಿನ ತಲೆಮಾರಿನ ದೊಡ್ಡ ಗುದ್ದಾಳು ಬಾಬ್ ಪ್ರೋಬರ್ಟ್ 2010ರಲ್ಲಿ 45ನೇ ವಯಸ್ಸಿಗೆ ಸತ್ತಾಗ ಅವನಿಗೂ ಇದೇ ರೋಗ ಇತ್ತು ಅಂತ ಗೊತ್ತಾಗಿತ್ತು. 28ರ ಬೂಗಾರ್ಡ್‌ನಲ್ಲಿ ಅದು ಪ್ರೋಬರ್ಟ್‌ಗಿಂತ ಮುಂದುವರಿದಿತ್ತು!

ಅವನು ಸತ್ತದ್ದು ಸಿಟಿಇಯಿಂದ ಅಂತ ನಾನು ಹೇಳ್ತಿಲ್ಲ. ಮಾತ್ರೆಯ ಚಟದ ಪರಿಣಾಮ ಎಷ್ಟು, ತಲೆ ಪೆಟ್ಟಿನದ್ದು ಎಷ್ಟು ಅಂತ ಬೇರೆ ಮಾಡೋಕೆ ಸಂಶೋಧಕರಿಗೂ ಆಗಲಿಲ್ಲ. ನನ್ನ ಆಪಾದನೆಗೆ ಅದು ಬೇಕಾಗಿಯೂ ಇಲ್ಲ. ಪೆಟ್ಟೂ ಕೆಲಸದ್ದೇ, ಪೆಟ್ಟಿನ ನೋವಿಗೆ ಕೊಟ್ಟ ಮಾತ್ರೆಯೂ ಕೆಲಸದ್ದೇ. ಯಾವ ಕಡೆಯಿಂದ ಹೋದ್ರೂ ದಾರಿ ಹೋಗಿ ನಿಲ್ಲೋದು ಒಂದೇ ಆಫೀಸಿನ ಬಾಗಿಲಿಗೆ.

ಆ ಬಾಗಿಲಲ್ಲಿ ಆಗ ಇದ್ದವರು ಕಮಿಷನರ್ ಗ್ಯಾರಿ ಬೆಟ್‌ಮನ್. 2011ರಲ್ಲಿ ಅವರು ಹೇಳಿದ್ದರ ಸಾರಾಂಶ: ಸಾಕಷ್ಟು ದತ್ತಾಂಶ ಇಲ್ಲ, ಆತುರದ ತೀರ್ಮಾನ ಬೇಡ. ಸರಿ, ಆ ವರ್ಷ ಒಪ್ಪೋಣ. 2016ರಲ್ಲಿ ಅಮೆರಿಕದ ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್‌ಗೆ ಬರೆದ ಪತ್ರದಲ್ಲೂ ಅದೇ ರಾಗ. 2019ರಲ್ಲಿ ಕೆನಡಾ ಸಂಸತ್ತಿನ ಸಮಿತಿ ಮುಂದೆ ಕೂತಾಗಲೂ ಅದೇ, ಸಂಬಂಧ ಸಾಬೀತಾಗಿಲ್ಲ. ಪ್ರೊಡಕ್ಷನ್ ಸರ್ವರಿನಿಂದ ಹೊಗೆ ಬರ್ತಿದೆ, ಮೂಲ ಕಾರಣ ಇನ್ನೂ ಪತ್ತೆಯಾಗಿಲ್ಲ, ಆದ್ದರಿಂದ ಪ್ಲಗ್ ಕಿತ್ತುಹಾಕುವುದಿಲ್ಲ ಅಂತ ನಾನು ಮ್ಯಾನೇಜರಿಗೆ ಇಮೇಲ್ ಬರೆದರೆ ಮರುದಿನ ನನ್ನ ಐಡಿ ಕಾರ್ಡು ಗೇಟಿನಲ್ಲಿ ಕೆಲಸ ಮಾಡಲ್ಲ.

ಇಮೇಲ್ ಅಂದ ಕೂಡಲೇ ನೆನಪಾಯಿತು. ಮಾಜಿ ಆಟಗಾರರು ಲೀಗಿನ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಒಳಗಿನ ಇಮೇಲ್‌ಗಳು 2016ರಲ್ಲಿ ಬಯಲಿಗೆ ಬಂದವು. 2011ರ ಆ ಸಾವುಗಳ ನಂತರ ಲೀಗಿನ ಮೇಲಿನವರು ತಮ್ಮತಮ್ಮಲ್ಲೇ ಬರೆದುಕೊಂಡದ್ದು. ಡೆಪ್ಯುಟಿ ಕಮಿಷನರ್ ಬಿಲ್ ಡೇಲಿ ಬರೆದದ್ದರ ತಾತ್ಪರ್ಯ ಇಷ್ಟು: ಹೊಡೆದಾಟದಿಂದ ತಲೆ ಪೆಟ್ಟು ಹೆಚ್ಚುತ್ತೆ, ತಲೆ ಪೆಟ್ಟಿನಿಂದ ಖಿನ್ನತೆ ಹೆಚ್ಚುತ್ತೆ, ಖಿನ್ನತೆಯಿಂದ ಇಂಥ ದುರಂತಗಳು ಹೆಚ್ಚುತ್ತವೆ. ಬ್ರೆಂಡನ್ ಶಾನಹನ್ ಅನ್ನೋ ಇನ್ನೊಬ್ಬ ಹಿರಿಯ ಅಧಿಕಾರಿ, ಈ ಆಳುಗಳು ಮಲಗೋಕೆ, ಏಳೋಕೆ, ನೋವಿಗೆ, ಹುರುಪಿಗೆ ಎಲ್ಲದಕ್ಕೂ ಮಾತ್ರೆ ನುಂಗುತ್ತಾರೆ ಅನ್ನೋ ಅರ್ಥದ ಮಾತು ಬರೆದಿದ್ದರು. ಅಂದ್ರೆ ನಾನು ಇಲ್ಲಿ ಇಷ್ಟುದ್ದ ಕುಟ್ಟಿದ್ದನ್ನ ಅವರು ಮೂರ್ನಾಲ್ಕು ಸಾಲಲ್ಲಿ, ನನಗಿಂತ ಚೆನ್ನಾಗಿ, ಆಗಲೇ ಬರೆದಿದ್ದರು. ಹೊರಗೆ "ಗೊತ್ತಿಲ್ಲ", ಒಳಗೆ "ಗೊತ್ತು". ಇನ್ನು ಹೊಸ ವಿಜ್ಞಾನ ಬೇಕಾ ಇವರಿಗೆ?

ವಿಜ್ಞಾನದ ಜೊತೆ ಇವರ ವ್ಯವಹಾರವೂ ಮಜಾ ಇದೆ. ಟಾಡ್ ಇವೆನ್ ಅನ್ನೋ ಮಾಜಿ ಎನ್‌ಫೋರ್ಸರ್ 2015ರಲ್ಲಿ ತೀರಿಕೊಂಡಾಗ ಮೊದಲ ಪರೀಕ್ಷೆಯಲ್ಲಿ ಸಿಟಿಇ ಸಿಗಲಿಲ್ಲ. ಬೆಟ್‌ಮನ್ ತಮ್ಮ ಪತ್ರದಲ್ಲಿ ಈ ಪ್ರಕರಣವನ್ನ ಎತ್ತಿ ಹೇಳಿದರು. ನೋಡಿ, ಪತ್ರಿಕೆಗಳು ಹೆದರಿಸಿ ಹೆದರಿಸಿ ಏನೇನೋ ನಂಬಿಸ್ತಾರೆ ಅಂತ. 2018ರಲ್ಲಿ ಬಾಸ್ಟನ್‌ನವರು ಅದೇ ಮಿದುಳನ್ನ ಮತ್ತೆ ಪರೀಕ್ಷೆ ಮಾಡಿದರು. ಸಿಟಿಇ ಇತ್ತು.

ಅದೇ 2018ರ ನವೆಂಬರ್‌ನಲ್ಲಿ ಮೊಕದ್ದಮೆ ರಾಜಿಯಾಯಿತು. 318 ಮಾಜಿ ಆಟಗಾರರು, ಒಟ್ಟು 1 ಕೋಟಿ 89 ಲಕ್ಷ ಡಾಲರು. ತಲೆಗೆ ಸುಮಾರು 22 ಸಾವಿರ, ಜೊತೆಗೆ ಒಂದಿಷ್ಟು ವೈದ್ಯಕೀಯ ಪರೀಕ್ಷೆಯ ಖರ್ಚು, ವಕೀಲರ ಫೀಸು. ತಪ್ಪು ಒಪ್ಪಿಗೆ ಮಾತ್ರ ಇಲ್ಲ. "ಕೋಟಿಗಟ್ಟಲೆ ದುಡ್ಡು ತಗೊಂಡಿಲ್ವಾ, ಅನುಭವಿಸಲಿ" ಅನ್ನುವವರಿಗೆ ಈ ಲೆಕ್ಕ. ಈ ಕಸುಬಿನಲ್ಲಿ ಹೆಚ್ಚಿನವರು ಕೋಟಿ ಮುಖ ನೋಡಿದವರೇ ಅಲ್ಲ. ಕೆಳಗಿನ ಲೀಗುಗಳಲ್ಲಿ ಗುದ್ದಿ ಗುದ್ದಿಸಿಕೊಂಡು ಮನೆಗೆ ಹೋದವರೇ ಜಾಸ್ತಿ.

2023ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 1967ರಿಂದ ಆಡಿದ ಆರು ಸಾವಿರಕ್ಕೂ ಹೆಚ್ಚು ಎನ್‌ಎಚ್‌ಎಲ್ ಆಟಗಾರರ ಲೆಕ್ಕ ತೆಗೆದರು. ಎನ್‌ಫೋರ್ಸರ್‌ಗಳನ್ನ ಅವರದೇ ಕಾಲದ, ಅವರದೇ ಮೈಕಟ್ಟಿನ ಬೇರೆ ಆಟಗಾರರ ಪಕ್ಕ ಇಟ್ಟು ನೋಡಿದರು. ಒಟ್ಟು ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದ್ರೆ ಸತ್ತವರಲ್ಲಿ ಎನ್‌ಫೋರ್ಸರ್‌ಗಳು ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ಹೇಗೆ ಸತ್ತರು ಅನ್ನೋದರಲ್ಲೂ ವ್ಯತ್ಯಾಸ: ಆತ್ಮಹತ್ಯೆ, ಮಾದಕ ವಸ್ತು ಇವೇ ಹೆಚ್ಚು.

"ಈಗ ಅದೆಲ್ಲ ಇಲ್ಲ ಬಿಡ್ರೀ, ಹಳೇ ಕತೆ" ಅಂತ ಆಟ ಬಲ್ಲ ಒಬ್ಬರು ನನಗೆ ಹೇಳಿದ್ರು. ಅರ್ಧ ನಿಜ. ಆಟ ವೇಗವಾಯಿತು, ಸಂಬಳಕ್ಕೆ ಮಿತಿ ಬಂತು, ಐದು ನಿಮಿಷ ಆಡುವವನಿಗೆ ಸೀಟು ಕೊಡೋದು ತಂಡಗಳಿಗೆ ಗಿಟ್ಟಲಿಲ್ಲ. ಹೊಡೆದಾಟಗಳು ಕಡಿಮೆಯಾದವು. ಗಮನಿಸಿ, ದಯೆಯಿಂದ ಅಲ್ಲ, ಲೆಕ್ಕಾಚಾರದಿಂದ. ಆ ಐದು ನಿಮಿಷದ ನಿಯಮವನ್ನ ಮಾತ್ರ ಲೀಗು ಮುಟ್ಟಲಿಲ್ಲ. 2024ರ ಫೆಬ್ರುವರಿ 18ರಂದು ನ್ಯೂಜೆರ್ಸಿಯ ದೊಡ್ಡ ಸ್ಟೇಡಿಯಂ ಒಂದರಲ್ಲಿ, ಬಯಲು ಪಂದ್ಯ, ಮ್ಯಾಟ್ ರೆಂಪಿ ಅನ್ನೋ 21ರ ಹುಡುಗನ ಚೊಚ್ಚಲ ಪಂದ್ಯ. ಎತ್ತರ ಬೂಗಾರ್ಡ್‌ನಷ್ಟೇ. ತಂಡವೂ ಅದೇ, ನ್ಯೂಯಾರ್ಕ್ ರೇಂಜರ್ಸ್. ಆಡೋಕೆ ಇಳಿದ ಕೂಡಲೇ, ಅವನ ಜೀವನದ ಮೊಟ್ಟಮೊದಲ ಸರದಿಯಲ್ಲೇ, ಹೊಡೆದಾಟ. ಮುಂದಿನ ಪಂದ್ಯಗಳಲ್ಲಿ ಇನ್ನಷ್ಟು. ಹದಿಮೂರು ವರ್ಷದ ಹಿಂದೆ ತನ್ನದೇ ತಂಡದ ಗುಮ್ಮನನ್ನ ಮಣ್ಣು ಮಾಡಿದ್ದ ಊರು ಹೊಸ ಗುಮ್ಮನ ಹೆಸರು ಹಿಡಿದು ಕೂಗ್ತಿತ್ತು. ಇನ್ನೊಂದು ವರ್ಷಕ್ಕೆ ಮಾಂಟ್ರಿಯಲ್, ಒಂಬತ್ತು ಸೆಕೆಂಡು, ನಮ್ಮ ಗ್ರೂಪುಗಳು.

ಬೂಗಾರ್ಡ್ ಎನ್‌ಎಚ್‌ಎಲ್‌ನಲ್ಲಿ ಹೊಡೆದ ಗೋಲು ಮೂರು ಅಂದೆನಲ್ಲ. ಮೊದಲೆರಡು ಮೊದಲ ಸೀಸನ್‌ನಲ್ಲೇ ಬಂದವು. ಆಮೇಲೆ 234 ಪಂದ್ಯ ಒಂದೂ ಇಲ್ಲ. ಮೂರನೆಯದು 2010ರ ನವೆಂಬರ್ 9ರಂದು, ವಾಷಿಂಗ್ಟನ್ ಕ್ಯಾಪಿಟಲ್ಸ್ ವಿರುದ್ಧ, ಕೊನೆಯ ಹೊಡೆದಾಟಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ. ಅದರ ವಿಡಿಯೋ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತೆ. ಬೆನ್ನ ಮೇಲೆ 94 ಅಂತ ಬರೆದ ಆ ದೊಡ್ಡ ಆಳು ಜೋರಾಗಿ ಒಂದು ಹೊಡೆತ ಹೊಡೀತಾನೆ, ಪಕ್ಕು ಬಲೆಯಲ್ಲಿ. ಹೊಡೆದಾಟದ ಕ್ಲಿಪ್ಪು ಕಳಿಸಿದ ಮೂರೂ ಗ್ರೂಪಿಗೆ ನಾನು ಅದನ್ನ ಕಳಿಸಿದೆ. ಒಬ್ಬರು ಕೇಳಿದ್ರು, "ಇದರಲ್ಲಿ ಏನಿದೆ? ಬರೀ ಗೋಲು ತಾನೇ?"